ಪೊಟರೆ ಉಳಿದರೆ ಗಿಳಿ ಉಳಿದೀತು

ಗಿಳಿಯೆಂದರೆ ಹಸಿರು ಎಂಬ ಬಯಲುಸೀಮೆಯ ಕಲ್ಪನೆಗೆ ನಮ್ಮ ಕಾಡಿನ ಗಿಳಿ ಒಗ್ಗುವುದಿಲ್ಲ. ಬೂದು ಮೈ, ನೀಲಿ ರೆಕ್ಕೆ, ತುದಿಯಲ್ಲಿ ಹಳದಿಗೊಂಡ ಉದ್ದನೆಯ ನೀಲಿ ಬಾಲ, ಕೊರಳಿಗೊಂದು ಕಪ್ಪು ಪಟ್ಟಿ. ಗಂಡಿನ ಪಟ್ಟಿಗೆ ನೀಲಿ-ಹಸಿರಿನ ಹೊಳೆಯುವ ಅಂಚು, ಮೇಲ್ಕೊಕ್ಕು ಕೆಂಪು. ಹೆಣ್ಣಿಗೆ ಆ ಅಂಚಿಲ್ಲ, ಕೊಕ್ಕೂ ಕಪ್ಪು. ನೀಲಿ ರೆಕ್ಕೆಯ ಗಿಳಿ ಅಥವಾ ಮಲಬಾರ್ ಗಿಳಿ ಎನಿಸಿಕೊಳ್ಳುವ ಈ ಹಕ್ಕಿಗೆ ಜಗತ್ತಿನಲ್ಲಿ ಪಶ್ಚಿಮಘಟ್ಟವೊಂದೇ ತವರು. ಇಲ್ಲಿ ಅಳಿದರೆ ಬೇರೆಲ್ಲಿಂದಲೂ ತಂದು ಬಿಡಲಾಗದು.

ಅತ್ತಿ, ಆಲಗಳ ಹಣ್ಣು, ಕಾಡಿನ ಬೀಜ, ಹೂಮೊಗ್ಗು, ಹಾಲವಾಣದ ಹೂವಿನ ಮಕರಂದ ಇದರ ಆಹಾರ. ಜನವರಿಯಿಂದ ಮಾರ್ಚ್‌ವರೆಗೆ ಮರಿ ಮಾಡುವ ಕಾಲ. ಆದರೆ ಗಟ್ಟಿಮರವನ್ನು ಹೊಸದಾಗಿ ಕೊರೆದು ಗೂಡು ಮಾಡುವ ಕಸುಬು ಗಿಳಿಗೆ ತಿಳಿಯದು. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟುಹೋದ ಪೊಟರೆಯನ್ನೇ ಅದು ಅವಲಂಬಿಸಿದೆ. ನಾಗಸಂಪಿಗೆಯಂತಹ ಎತ್ತರದ ಮರಗಳು ಅದಕ್ಕೆ ಪ್ರಿಯ.

ತೋಟದ ಲೆಕ್ಕದಲ್ಲಿ ಒಣಗಿದ ಮರವೆಂದರೆ ಸೌದೆ. ಟೊಳ್ಳು ಮರವೆಂದರೆ ದಂಡ. ಕಾಫಿ ತೋಟಗಳಲ್ಲಿ ಕಾಡುಜಾತಿಯ ನೆರಳಿನ ಮರಗಳು ಹೋಗಿ ಸಿಲ್ವರ್ ಓಕ್ ಬಂದಿದೆ. ಹಳೆಯ ಸಿಲ್ವರ್ ಓಕ್‌ನಲ್ಲಿಯೂ ಈ ಗಿಳಿ ಗೂಡು ಮಾಡಿದ್ದುಂಟು, ನಿಜ. ಆದರೆ ಅತ್ತಿಯು ಕೊಡುವ ಹಣ್ಣನ್ನು ಆ ಮರ ಕೊಡಲಾರದು. ನಾಟಾಕ್ಕೆಂದೇ ನೆಟ್ಟ ಮರ ಪೊಟರೆಯಾಗುವಷ್ಟು ಮುದಿಯಾಗುವುದೂ ಅಪರೂಪ.

ಈ ಗಿಳಿ ಇಂದು ಅಳಿವಿನಂಚಿಗೆ ಬಂದಿಲ್ಲ. ಸುಲಭದಲ್ಲಿ ಉಳಿಸಬಹುದಾದ ಕಾಲ ಇದೇ ಎಂಬುದು ಅದರ ಅರ್ಥ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದರೆ ಮರಿ ಕದಿಯುವವನನ್ನು ತಡೆಯುವ ಕಾನೂನು ಖಾಸಗಿ ತೋಟದ ಟೊಳ್ಳು ಮರಕ್ಕೆ ಕಾವಲು ನಿಲ್ಲಲಾರದು. ಆ ಕೆಲಸ ಕೃಷಿಕರದು.

ಗಿಳಿ ಹಣ್ಣು ಕಚ್ಚುತ್ತದೆ, ಬೀಜ ಒಡೆಯುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಅದೇ ಒಣಮರದಲ್ಲಿ ಕಾಂಡದ ಹುಳು ಹೆಕ್ಕುವ ಮರಕುಟಿಗವೂ ಇಲಿ ಹಿಡಿಯುವ ಗೂಬೆಯೂ ನೆಲೆಸುತ್ತವೆ. ನಷ್ಟ ಬರೆಯುವವರು ಲಾಭವನ್ನೂ ಬರೆಯಬೇಕು.

ದಾರಿಗೂ ಮನೆಗೂ ಅಪಾಯವಿಲ್ಲದ ಕಡೆ ಪ್ರತಿ ತೋಟದಲ್ಲಿ ಒಂದೆರಡು ಟೊಳ್ಳು ಮರಗಳನ್ನು ನಿಲ್ಲಗೊಡೋಣ. ಜನವರಿಯಿಂದ ಮಾರ್ಚ್‌ವರೆಗೆ ಪೊಟರೆಯಿರುವ ಮರಕ್ಕೆ ಕೊಡಲಿ ಹಾಕದಿರೋಣ. ಬೇಲಿಯಂಚಿನಲ್ಲಿ ಅತ್ತಿಯ ಸಸಿ ನೆಡೋಣ. ವಿದ್ಯಾರ್ಥಿಗಳು ತಮ್ಮೂರಿನ ಪೊಟರೆ ಮರಗಳನ್ನು ಎಣಿಸಿ, ಯಾವ ಹಕ್ಕಿ ಎಲ್ಲಿದೆಯೆಂದು ದೂರದಿಂದಲೇ ನೋಡಿ ಬರೆದಿಡಲಿ. ಮುಂದಿನ ತಲೆಮಾರು ಗಿಳಿಯನ್ನು ಪಂಜರದಲ್ಲಲ್ಲ, ಮರದ ಮೇಲೆ ಗುರುತಿಸುವಂತಾಗಲಿ.