ಡಬ್ಬ ಕೆಟ್ಟಿಲ್ಲ ಸ್ವಾಮಿ, ಬೀಗ ಹಾಕಿದ್ದಾರೆ

"ಹಳೇದು ಬಿಸಾಕಿ ಸಾರ್, ಹೊಸದು ತಗೊಳ್ಳಿ." ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಂಗಡಿಯವನು ಹೇಳಿದರೆ ಅವನ ಹೊಟ್ಟೆಪಾಡು ಅಂದುಕೊಳ್ಳಬಹುದು. ನನ್ನ ಪಕ್ಕದಲ್ಲೇ ಕೂತು ಕೋಡ್ ಬರೆಯೋ, ಬಿಇ ಮಾಡಿದವರೂ ಅದನ್ನೇ ಹೇಳ್ತಾರಲ್ಲ!

ಊರಿನ ಮನೆಯ ಟಿವಿಗೆ ಒಂದು ಆಂಡ್ರಾಯ್ಡ್ ಬಾಕ್ಸ್ ತಂದುಕೊಟ್ಟಿದ್ದೆ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ '4ಕೆ' ಅಂತಿತ್ತು. ತಂಗಿ ಮದುವೆಯಲ್ಲಿ ಅಜ್ಜಿ ಸೋಬಾನೆ ಹೇಳಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಅಜ್ಜಿ ತೀರಿಹೋದ ಮೇಲೆ ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಕಳಿಸಿದೆ. ಅವ್ವ ಫೋನ್ ಮಾಡಿದಳು: "ಲೋ ಮಗ, ಅಜ್ಜಿ ಬಾಯಿ ತೆಗೀತಾಳೆ, ಅಂಗೇ ನಿಂತ್ಕತಾಳೆ. ಪದ ಮುಂದಕ್ಕೋಯ್ತದೆ, ಅವಳು ಮಾತ್ರ ಅಲ್ಲೇ."

ಆಫೀಸಿನಲ್ಲಿ ಹೇಳಿದೆ. ಒಬ್ಬ 'ನೆಟ್ ಸ್ಲೋ ಇರಬೇಕು' ಅಂದ. ಪೆನ್‌ಡ್ರೈವ್‌ಗೂ ನೆಟ್‌ಗೂ ಏನಪ್ಪಾ ಸಂಬಂಧ? ಇನ್ನೊಬ್ಬ 'ಹೊಸ ಬಾಕ್ಸ್ ತಗೋ' ಅಂದ. ನಮ್ಮೂರಲ್ಲಿ ಮೋಟಾರು ನೀರೆತ್ತದಿದ್ದರೆ ಯಾರೂ ಹೊಸ ಬಾವಿ ತೋಡಲ್ಲ. ಮೊದಲು ಫ್ಯೂಸ್ ನೋಡ್ತಾರೆ, ಆಮೇಲೆ ಫುಟ್‌ವಾಲ್ವ್.

ಹಬ್ಬಕ್ಕೆ ಹೋದಾಗ ನಾನೂ ಫ್ಯೂಸಿನಿಂದಲೇ ಶುರುಮಾಡಿದೆ. ಎಡಿಬಿ ಮೂಲಕ ಬಾಕ್ಸಿನೊಳಗೆ ಹೊಕ್ಕು, ವಿಡಿಯೋ ಓಡುವಾಗ 'ಟಾಪ್' ಕಮಾಂಡ್ ಕೊಟ್ಟೆ. ಪ್ರೊಸೆಸರಿನ ನಾಲ್ಕೂ ಕೋರ್‌ಗಳು ಏದುಸಿರು ಬಿಡುತ್ತಿದ್ದವು. ಸುಳಿವು ಅಲ್ಲೇ ಇತ್ತು. ಫುಲ್ ಎಚ್‌ಡಿಯ ಒಂದು ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿರುತ್ತವೆ. ಸೆಕೆಂಡಿಗೆ 30 ಚಿತ್ರ ಅಂದರೆ ಒಂದೊಂದಕ್ಕೆ ಸಿಗೋದು ಸುಮಾರು 33 ಮಿಲಿಸೆಕೆಂಡ್. ತಡವಾದ ಚಿತ್ರ ಬಿಟ್ಟುಹೋಗುತ್ತದೆ, ಕಣ್ಣಿಗೆ ಎಳೆದಾಡಿದಂತೆ ಕಾಣುತ್ತದೆ. ಈ ಕೆಲಸಕ್ಕೆಂದೇ ಚಿಪ್ಪಿನೊಳಗೆ ಬೇರೆ ಸರ್ಕ್ಯೂಟ್ ಇರುತ್ತದೆ. ಅದು ದುಡಿದರೆ ಪ್ರೊಸೆಸರ್ ಹಾಯಾಗಿರಬೇಕಿತ್ತು.

'ಮೀಡಿಯಾ ಕೋಡೆಕ್ಸ್' ಫೈಲ್ ತೆರೆದೆ. ಹಳೆಯ ಎಚ್.264ಗೆ ಹಾರ್ಡ್‌ವೇರ್ ಡಿಕೋಡರ್ ಇದೆ. ನನ್ನ ಫೋನ್ ಬಳಸುವ ಎಚ್‌ಇವಿಸಿಗೆ ಬರೀ ಸಾಫ್ಟ್‌ವೇರ್ ಡಿಕೋಡರ್. ಆದರೆ ಚಿಪ್ಪಿನ ಡೇಟಾಶೀಟ್ ನೋಡಿದರೆ ಎಚ್‌ಇವಿಸಿ ಸರ್ಕ್ಯೂಟೂ ಇದೆ! ದುಡ್ಡು ಕೊಟ್ಟು ತಂದ ಎತ್ತು ಕೊಟ್ಟಿಗೆಯಲ್ಲೇ ಕಟ್ಟಿಹಾಕಿದೆ, ನೊಗ ಎಳೆಯುತ್ತಿರೋದು ಕರು.

ಯಾಕೆ ಹೀಗೆ ಮಾಡಿದ್ದಾರೆ? ಸೋಮಾರಿತನವೋ, ಪೇಟೆಂಟ್ ಶುಲ್ಕ ಉಳಿಸೋ ಲೆಕ್ಕವೋ, ರಟ್ಟಿನ ಮೇಲೆ ಬರೆದಿಲ್ಲ. 2013ರಲ್ಲಿ ಬಂದ ಎಚ್‌ಇವಿಸಿಯ ಪೇಟೆಂಟುಗಳು ಒಂದಕ್ಕಿಂತ ಹೆಚ್ಚು ಗುಂಪುಗಳ ಕೈಯಲ್ಲಿವೆ, ಶುಲ್ಕ ಕಟ್ಟಬೇಕು, ಒಪ್ಪುತ್ತೇನೆ. ಆದರೆ ಅದನ್ನು ಬಾಯಿಬಿಟ್ಟು ಹೇಳೋಕೇನು ಕಷ್ಟ? ಮೊದಲ ರಾಸ್ಪ್‌ಬೆರಿ ಪೈ ಬಂದ 2012ರಲ್ಲೇ ಅದರ ಎಂಪೆಗ್-2 ಸರ್ಕ್ಯೂಟಿಗೂ ಬೀಗ ಇತ್ತು. ಆದರೆ ಅವರು ಬೀಗ ಇದೆ ಅಂತ ಹೇಳಿ, ಕೀಲಿಯನ್ನು 2.40 ಪೌಂಡಿಗೆ ಮಾರಿದರು. ಬೇಕಾದವರು ಕೊಂಡರು. ಅದು ವ್ಯಾಪಾರ. '4ಕೆ' ಅಂತ ಬರೆದು ಒಳಗೆ ಬೀಗ ಜಡಿಯೋದು ಮೋಸ.

ನಾನೇನೂ ಸಾಚಾ ಅಲ್ಲ. ಗಡುವು ಹತ್ತಿರ ಬಂದಾಗ 'ಇದನ್ನ ಯಾರು ಕೇಳ್ತಾರೆ' ಅಂತ ಒಂದು ಸಾಲು ಕಾಮೆಂಟ್ ಮಾಡಿ ರಿಲೀಸ್‌ಗೆ ಕಳಿಸಿದ್ದೇನೆ. ಕೇಳೋರು ಇದ್ದಾರೆ. ನಮ್ಮವ್ವನಂಥೋರು. ಅವರಿಗೆ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ, ಅಷ್ಟೇ.

ಕೊನೆಗೆ ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೋವನ್ನು ಎಚ್.264ಗೆ ಬದಲಾಯಿಸಿದೆ. ಅದೇ 'ಕೆಟ್ಟ' ಡಬ್ಬದಲ್ಲಿ ಅಜ್ಜಿ ಪದವನ್ನು ಪೂರ್ತಿ ಹೇಳಿದಳು. ಅವ್ವ ಎರಡು ಸಲ ಹಾಕಿಸಿಕೊಂಡು ನೋಡಿದಳು.

ಎಲ್ಲರ ಮನೆಯಲ್ಲೂ ಎಡಿಬಿ ಗೊತ್ತಿರೋ ಮಗ ಇರಲ್ಲ. ಅದಕ್ಕೇ ಹೇಳ್ತೀನಿ: ಯಾವ ಫಾರ್ಮ್ಯಾಟ್ ಹಾರ್ಡ್‌ವೇರಿನಲ್ಲಿ ಓಡುತ್ತೆ, ಯಾವುದು ಓಡಲ್ಲ ಅಂತ ರಟ್ಟಿನ ಮೇಲೆ ಬರೆಯಲಿ. ನಾವು ಇಂಜಿನಿಯರುಗಳು 'ಹೊಸದು ತಗೊಳ್ಳಿ' ಅನ್ನೋ ಮುಂಚೆ ಒಂದು ಸಲ ಫ್ಯೂಸ್ ನೋಡೋಣ.