ಸಾಕಿದ ಆಮೆಗೆ ಬೆಚ್ಚನೆಯ ಮನೆ

ನಮ್ಮದು ಬಿಸಿಲ ನಾಡು. ಬೇಸಿಗೆಯಲ್ಲಿ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಇಂತಹ ಊರಿನಲ್ಲಿ ಆಮೆಗೆ ಶಾಖ ಒದಗಿಸಬೇಕೆಂದರೆ ನಗುವವರೇ ಹೆಚ್ಚು. ಆದರೆ ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿ ನಮ್ಮ ಕಲ್ಲಿನ ಮನೆಗಳು ಎಷ್ಟು ತಣ್ಣಗಾಗುತ್ತವೆ ಎಂಬುದನ್ನು ಎಲ್ಲರೂ ಬಲ್ಲೆವು. ನಾವು ಕಂಬಳಿ ಹೊದ್ದು ಮಲಗುತ್ತೇವೆ. ಗಾಜಿನ ತೊಟ್ಟಿಯ ಆಮೆಮರಿಯ ಗತಿಯೇನು?

ಹಾವು, ಹಲ್ಲಿ, ಆಮೆ, ಮೊಸಳೆಗಳನ್ನು ಶೀತರಕ್ತ ಪ್ರಾಣಿಗಳೆಂದು ಪಾಠದಲ್ಲಿ ಓದುತ್ತೇವೆ. ಅವುಗಳ ರಕ್ತ ಸದಾ ತಣ್ಣಗಿರುತ್ತದೆಂದು ಇದರ ಅರ್ಥವಲ್ಲ. ಮೈಗೆ ಬೇಕಾದ ಶಾಖವನ್ನು ಅವು ಹೊರಗಿನಿಂದ ಪಡೆಯಬೇಕು. ಶಾಖವಿಲ್ಲದಿದ್ದರೆ ತಿಂದ ಆಹಾರ ಜೀರ್ಣವಾಗದು, ರೋಗವನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ಕೃಷ್ಣಾ ನದಿಯ ಮೊಸಳೆ ಬೆಳಗ್ಗೆ ಬಂಡೆಯ ಮೇಲೆ ಮೈ ಕಾಯಿಸಿಕೊಂಡು, ಬಿಸಿ ಹೆಚ್ಚಿದೊಡನೆ ನೀರಿಗಿಳಿಯುತ್ತದೆ. ಬಿಸಿಯನ್ನೂ ತಂಪನ್ನೂ ತಾನೇ ಆರಿಸಿಕೊಳ್ಳುವ ಈ ಸ್ವಾತಂತ್ರ್ಯವನ್ನು ಸಾಕುವವರು ಪೆಟ್ಟಿಗೆಯೊಳಗೂ ಕೊಡಬೇಕೆಂಬುದೇ ನನ್ನ ವಾದ.

ಮೊದಲು ಕಾನೂನಿನ ಮಾತು. ನಮ್ಮ ಹೊಲಗದ್ದೆಗಳ ನಕ್ಷತ್ರ ಆಮೆ, ಕೆರೆಯ ಆಮೆ, ಉಡ, ಹೆಬ್ಬಾವು, ನಾಗರಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅವುಗಳ ಬೆಚ್ಚನೆಯ ಮನೆ ಹೊಲದ ಬದುವೇ. ವಿದೇಶದ ಪ್ರಾಣಿಗಳಲ್ಲಿಯೂ ಹಲವನ್ನು 2024ರ ನಿಯಮಗಳಂತೆ ನೋಂದಾಯಿಸಬೇಕು. ಪಟ್ಟಣದ ಮೀನಿನ ಅಂಗಡಿಗಳಲ್ಲಿ ಮಾರುವ, ಕೆನ್ನೆಯ ಮೇಲೆ ಕೆಂಪು ಪಟ್ಟೆಯುಳ್ಳ ಆಮೆಮರಿ ಅಮೆರಿಕ ಮೂಲದ್ದು. ಅದು ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ, 20 ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಬೇಸರವಾಯಿತೆಂದು ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿ ಒಡ್ಡುತ್ತದೆ.

ಈಗಾಗಲೇ ಮನೆಗೆ ತಂದವರು ಅದನ್ನು ಸರಿಯಾಗಿ ನೋಡಿಕೊಳ್ಳಲಿ. ತೊಟ್ಟಿಯ ಒಂದು ಬದಿಯಲ್ಲಿ ನೀರಿನಿಂದ ಮೇಲೇಳುವಂತೆ ಶಹಾಬಾದ್ ಕಲ್ಲಿನ ತುಂಡೊಂದನ್ನು ಅಲುಗದಂತೆ ಇಟ್ಟು, ಅದರ ಮೇಲೆ ಶಾಖ ಕೊಡುವ ಬಲ್ಬನ್ನು ತೂಗುಹಾಕಬೇಕು. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು. ಕಲ್ಲಿನ ಮೇಲೆ 30ರಿಂದ 32 ಡಿಗ್ರಿ, ನೀರಿನಲ್ಲಿ ಸುಮಾರು 25 ಡಿಗ್ರಿ ಇದ್ದರೆ ಸಾಕು. ಎರಡು ಕಡೆಯೂ ಉಷ್ಣಮಾಪಕ ಇರಲಿ. ಕೈಯ ಅಂದಾಜನ್ನು ನಂಬಬಾರದು. ಬಲ್ಬು ಆರಿದ ಮೇಲೂ ಕಲ್ಲು ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಕರೆಂಟು ಹೋದ ಚಳಿಯ ರಾತ್ರಿ, ಬಲ್ಬು ತಣ್ಣಗಾದ ಮೇಲೆ, ತೊಟ್ಟಿಯ ಮೂರು ಬದಿಗೆ ಕಂಬಳಿ ಸುತ್ತಿ, ಹೊರಗಡೆ ಬಿಸಿನೀರಿನ ಬಾಟಲಿಗಳನ್ನು ಒರಗಿಸಿಡಬಹುದು. ಕರೆಂಟು ಬಂದೊಡನೆ ಕಂಬಳಿಯನ್ನು ತೆಗೆಯಬೇಕು.

ನೀರೂ ವಿದ್ಯುತ್ತೂ ಒಂದೆಡೆ ಇರುವಾಗ ಎಚ್ಚರ ಅತ್ಯಗತ್ಯ. ಸ್ನಾನದ ನೀರು ಕಾಯಿಸುವ ರಾಡನ್ನು ತೊಟ್ಟಿಗೆ ಎಂದೂ ಇಳಿಸಕೂಡದು. ಆಮೆಯೂ ಸಾಯುತ್ತದೆ, ಕೈಯಿಟ್ಟವರೂ ಸಾಯಬಹುದು. ಬಲ್ಬಿಗೆ ತಂತಿಬಲೆಯ ರಕ್ಷಣೆ, ಅದನ್ನು ಹಿಡಿಯಲು ಗಟ್ಟಿಯಾದ ಸರಪಳಿ, ಶಾಖ ಮಿತಿ ಮೀರಿದೊಡನೆ ತಾನೇ ಆರಿಸುವ ಥರ್ಮೋಸ್ಟಾಟ್ ಇವು ಬೇಕೇ ಬೇಕು. ಜೋಡಣೆಯ ಕೆಲಸ ಬಲ್ಲವರಿಂದಲೇ ಆಗಲಿ. ಚಿಮಣಿ, ಕೆಂಡ, ಮೇಣದಬತ್ತಿಗಳ ಸಹವಾಸ ಬೇಡ.

ಖರ್ಚಿಲ್ಲದ ಶಾಖವೆಂದರೆ ಎಳೆಬಿಸಿಲು. ಎಲುಬಿಗೂ ಚಿಪ್ಪಿಗೂ ಬೇಕಾದ ಅದರ ನೇರಳಾತೀತ ಕಿರಣಗಳನ್ನು ಗಾಜು ಬಹುಪಾಲು ತಡೆಯುತ್ತದೆ. ಆದ್ದರಿಂದ ಅಗಲವಾದ ಟಬ್ಬಿನಲ್ಲಿ ಅರ್ಧ ನೆರಳು ಮಾಡಿ, ಕಾಗೆ ಬೆಕ್ಕುಗಳು ಬಾರದಂತೆ ಬಲೆ ಮುಚ್ಚಿ, ಒಬ್ಬರು ಕಾವಲಿದ್ದು ಬಿಸಿಲು ಕಾಣಿಸಬೇಕು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಅದು ಕುಲುಮೆಯಾಗುತ್ತದೆ. ಅತಿಯಾದರೆ ಅಮೃತವೂ ವಿಷ. ಚೈತ್ರ, ವೈಶಾಖಗಳಲ್ಲಿ ನಮ್ಮಲ್ಲಿ ಚಳಿಗಿಂತ ಸೆಕೆಯೇ ದೊಡ್ಡ ಶತ್ರು. ಆಗ ಬಲ್ಬನ್ನು ಆರಿಸಿ, ತೊಟ್ಟಿಯನ್ನು ತಂಪಾದ ಕೋಣೆಗೆ ಒಯ್ಯಬೇಕು.

ಇಷ್ಟೆಲ್ಲ ದಿನವೂ ಮಾಡಲು ಸಾಧ್ಯವೇ ಎಂದು ತಂದೆತಾಯಂದಿರು ಪ್ರಾಣಿಯನ್ನು ಕೊಳ್ಳುವ ಮೊದಲೇ ಯೋಚಿಸಲಿ. ಸಾಧ್ಯವಿಲ್ಲದಿದ್ದರೆ ಕೊಳ್ಳದಿರುವುದೇ ಲೇಸು. ವಿದ್ಯಾರ್ಥಿ ಮಿತ್ರರೇ, ಆಮೆಗೆ ಬಾಯಿಲ್ಲ. ಚಳಿಯಾಯಿತೆಂದು ಅಳದು, ಸೆಕೆಯಾಯಿತೆಂದು ಕೂಗದು. ಅದರ ಪರವಾಗಿ ಉಷ್ಣಮಾಪಕವನ್ನು ನೋಡುವ ಕಣ್ಣು ನಿಮ್ಮದಾಗಲಿ.