ಕಿಲೋ ದರದಲ್ಲಿ ಅಗ್ಗ, ನಗದ ದರದಲ್ಲಿ ದುಬಾರಿ

ಪ್ಲಾಸ್ಟಿಕ್ ದಾನಾ ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಅದರಿಂದ ತಯಾರಾದ ವಸ್ತುವನ್ನು ಮಾರುವುದು ನಗದ ಲೆಕ್ಕದಲ್ಲಿ. ಇವೆರಡರ ನಡುವಿನ ಅಂತರವನ್ನು ಅನೇಕ ಸಣ್ಣ ಉದ್ದಿಮೆದಾರರು ತಮ್ಮ ವೆಚ್ಚಪತ್ರಗಳಲ್ಲಿ ತೋರಿಸುವುದೇ ಇಲ್ಲ. ಖನಿಜದ ಪುಡಿ ಬೆರೆಸಿದ ಪಾಲಿಪ್ರೊಪಿಲೀನಿನ ವಿಷಯದಲ್ಲಂತೂ ಈ ಅಲಕ್ಷ್ಯವು ನೇರ ನಷ್ಟಕ್ಕೆ ದಾರಿಯಾಗುತ್ತದೆ.

ಶುದ್ಧ ಪಾಲಿಪ್ರೊಪಿಲೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.905 ಗ್ರಾಂ, ಟಾಲ್ಕ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್‌ಗಳದು ಸುಮಾರು 2.7. ತೂಕದಲ್ಲಿ ಶೇ. 20ರಷ್ಟು ಪುಡಿ ಸೇರಿದರೆ ಮಿಶ್ರಣದ ಸಾಂದ್ರತೆ 1.04ಕ್ಕೆ, ಶೇ. 40 ಸೇರಿದರೆ 1.23ಕ್ಕೆ ಏರುತ್ತದೆ. ಅಚ್ಚಿನ ಒಳಗಾತ್ರವೇನೂ ಬದಲಾಗದು. ಆದುದರಿಂದ 100 ಘನ ಸೆಂಟಿಮೀಟರಿನ ನಗವೊಂದಕ್ಕೆ ಶುದ್ಧ ದಾನಾ 90.5 ಗ್ರಾಂ ಸಾಕಾದರೆ, ಶೇ. 20ರ ಮಿಶ್ರಣ 104 ಗ್ರಾಂ ಬೇಕು. ಕಿಲೋ ದರ ಕ್ರಮವಾಗಿ 100 ಮತ್ತು 90 ರೂಪಾಯಿ ಎಂದಿಟ್ಟುಕೊಳ್ಳೋಣ. ಶುದ್ಧ ದಾನಾದ ನಗಕ್ಕೆ ರೂ. 9.05, 'ಅಗ್ಗದ' ಮಿಶ್ರಣದ ನಗಕ್ಕೆ ರೂ. 9.36! ಮಿಶ್ರಣದ ದರ ಶೇ. 13ಕ್ಕಿಂತ ಹೆಚ್ಚು ಇಳಿದಿದ್ದರೆ ಮಾತ್ರ ಸಾಮಗ್ರಿಯಲ್ಲಿ ಉಳಿತಾಯ, ಶೇ. 40ರ ಮಿಶ್ರಣವಾದರೆ ಶೇ. 26ಕ್ಕಿಂತ ಹೆಚ್ಚು ಇಳಿದಿರಬೇಕು.

ಹಾಗೆಂದು ಖನಿಜ ಬೆರೆಸುವುದೇ ಕಲಬೆರಕೆಯೆಂದು ನಾನು ಹೇಳುತ್ತಿಲ್ಲ. ಟಾಲ್ಕ್ (ನಾವೆಲ್ಲ ಸ್ಲೇಟಿನ ಮೇಲೆ ಬರೆದ ಬಳಪದ ಕಲ್ಲಿನ ಮುಖ್ಯ ಖನಿಜವೇ ಇದು) ಪ್ಲಾಸ್ಟಿಕ್ಕಿಗೆ ಬಿಗುವನ್ನೂ ಶಾಖ ತಾಳುವ ಶಕ್ತಿಯನ್ನೂ ಕೊಡುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಂತಹ ಭಾಗಗಳಿಗೆ ಅದು ಸಲ್ಲುವುದು ಈ ಗುಣಗಳಿಂದಲೇ. ನಗ ಬೇಗ ತಣಿಯುವುದರಿಂದ ಯಂತ್ರದ ಸಮಯವೂ ಉಳಿಯುತ್ತದೆ. ಆ ಉಳಿತಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ. ಆದರೆ ಪೆಟ್ಟು ತಾಳುವ ಗುಣ ಕುಗ್ಗುತ್ತದೆ. ಎತ್ತಿ ಎಸೆಯುವ ಕ್ರೇಟುಗಳಿಗೆ ಇದು ತಕ್ಕುದಲ್ಲ. ಕುಗ್ಗುವಿಕೆಯೂ ಕಡಿಮೆಯಾಗುವುದರಿಂದ, ಶುದ್ಧ ದಾನಾಕ್ಕೆಂದು ಕೊರೆಸಿದ ಅಚ್ಚಿನಲ್ಲಿ ಮಿಶ್ರಣ ತುಂಬಿದರೆ ಮುಚ್ಚಳ ಡಬ್ಬಿಗೆ ಕೂಡದೆ ಹೋಗಬಹುದು.

ನನ್ನ ಆಕ್ಷೇಪವಿರುವುದು ಹೇಳದೆ ಬೆರೆಸುವ ಮಾರಾಟಗಾರರ ಬಗ್ಗೆ. ಶುದ್ಧ ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತದೆ, ಪುಡಿ ಶೇ. 15ರ ಆಸುಪಾಸು ಮೀರಿದರೆ ಮುಳುಗುತ್ತದೆ. ಗಾಳಿಗುಳ್ಳೆ ಅಂಟದಂತೆ ನೀರಿಗೆ ತುಸು ಸೋಪು ಹಾಕಬೇಕು. ತೇಲಿದ ಮಾತ್ರಕ್ಕೆ ಪುಡಿಯೇ ಇಲ್ಲವೆನ್ನಲಾಗದು. ಆದುದರಿಂದ ಖರೀದಿ ಆದೇಶದಲ್ಲೂ ಬಿಲ್ಲಿನಲ್ಲೂ ಪುಡಿಯ ಹೆಸರು, ಶೇಕಡಾ ಪ್ರಮಾಣ ಮತ್ತು ಸಾಂದ್ರತೆಯನ್ನು ನಮೂದಿಸುವಂತೆ ನಮ್ಮ ಸದಸ್ಯರು ಪಟ್ಟು ಹಿಡಿಯಬೇಕು. ವಿವಾದವೆದ್ದಾಗ ಪ್ರಯೋಗಾಲಯದಲ್ಲಿ ಬೂದಿ ಪರೀಕ್ಷೆ ಮಾಡಿಸಬಹುದು. ಅದರ ವರದಿಯಲ್ಲಿ ಉರಿಸಿದ ಉಷ್ಣಾಂಶವನ್ನು ತಪ್ಪದೆ ಬರೆಸಿಕೊಳ್ಳಿರಿ: ಅತಿಯಾಗಿ ಕಾಯಿಸಿದರೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟು 56 ಗ್ರಾಂ ಸುಣ್ಣವಾಗಿ ಉಳಿಯುತ್ತದೆ, ಬೆರಕೆ ಅರ್ಧದಷ್ಟೇ ಇದ್ದಂತೆ ಕಾಣುತ್ತದೆ.